ಹಳೆ ಕಟ್ಟಡ ಪಾರಂಪರಿಕವೋ ಅಲ್ಲವೋ: ತೀರ್ಮಾನಿಸುವುದು ಹೇಗೆ?

ಹಳೆ ಬಡಾವಣೆಯ ಕಟ್ಟಡವೊಂದನ್ನು ನೋಡಲು ಬಂದ ತಂಡ ಕಾರಿನಿಂದಿಳಿದು ಮೂರು ಫೋಟೊ ತೆಗೆಯಿತು. ಉದುರಿದ ಗಿಲಾವು ನೋಡಿ ‘ಶಿಥಿಲ’ ಎಂದು ಬರೆದುಕೊಂಡಿತು, ಹೊರಟಿತು. ಒಳಗೆ ಯಾರೂ ಕಾಲಿಡಲಿಲ್ಲ. ಅವರನ್ನು ಕಳಿಸಿದ್ದು ‘ಇದು ಪಾರಂಪರಿಕವೇ?’ ಎಂದು ಕೇಳಿ. ಅವರು ಬರೆದದ್ದು ‘ಇದು ಗಟ್ಟಿ ಇದೆಯೇ?’ ಎಂಬುದಕ್ಕೆ ಉತ್ತರ. ಎದುರು ಪಾಳಯದವರೂ ಕಡಿಮೆಯೇನಲ್ಲ. ‘ನೂರು ವರ್ಷದ್ದು ಸಾರ್, ಮುಟ್ಟಬೇಡಿ’ ಎನ್ನುವುದರಾಚೆ ಅವರ ವಾದ ಹೋಗುವುದೇ ಇಲ್ಲ. ಈ ಎರಡು ತಪ್ಪುಗಳನ್ನು ಇಷ್ಟು ಸಲ ನೋಡಿದ ಮೇಲೆ ಕ್ರಮವಾಗಿ ಬರೆದುಬಿಡೋಣ ಅನ್ನಿಸಿತು.

1. ಹಾಳೆ ಎರಡು ಇಟ್ಟುಕೊಳ್ಳಿ

ಒಂದರಲ್ಲಿ ಕಟ್ಟಡದ ಮಹತ್ವ, ಇನ್ನೊಂದರಲ್ಲಿ ಅದರ ಆರೋಗ್ಯ. ಒಂದರ ಮಾತು ಇನ್ನೊಂದರೊಳಗೆ ನುಸುಳಬಾರದು. ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ಕಥೆ ಗೊತ್ತಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಆಮೇಲೆ ಒಂದು ವರದಿ ದುರಸ್ತಿ ಮಾಡಬಹುದು ಎಂದರೆ ಇನ್ನೊಂದು ಕೆಡವಿ ಎಂದಿತು. ಜಗಳ ಇದ್ದದ್ದು ಎರಡನೇ ಹಾಳೆಯ ಮೇಲೆ, ಏಟು ಬಿದ್ದದ್ದು ಮೊದಲನೆಯದಕ್ಕೆ. ಜೀವಭಯ ಇದ್ದರೆ ಜನರನ್ನು ಇವತ್ತೇ ಹೊರಗೆ ಕಳಿಸಿ, ಕಂಬ ಕೊಟ್ಟು ನಿಲ್ಲಿಸಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆ ಬಿದ್ದ ಮಾತ್ರಕ್ಕೆ ಮನೆಯ ಹಿರಿಯರು ಹಿರಿಯರಲ್ಲದೆ ಹೋಗುತ್ತಾರೆಯೇ?

2. ವಯಸ್ಸು ಪತ್ತೆ ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ

ಅಡಿಗಲ್ಲು, ನಗರ ಮಾಪನ ಕಚೇರಿಯ ನಕ್ಷೆ, ಹಳೆ ಕಂದಾಯ ರಸೀದಿ, ಕ್ರಯಪತ್ರ: ಇವಿಷ್ಟನ್ನು ಹುಡುಕಿ. ಅರಮನೆ ಕಾಲದ ಸರ್ಕಾರಿ ಕಟ್ಟಡವಾದರೆ ರಾಜ್ಯ ಪತ್ರಾಗಾರದಲ್ಲಿ ಕಡತ ಸಿಗುವ ಸಾಧ್ಯತೆ ಇದೆ.

ಹೆಂಚು ನೋಡಿ ವರ್ಷ ಹೇಳುವವರಿಂದ ದೂರವಿರಿ. ಮಂಗಳೂರು ಹೆಂಚಿನ ಬೆನ್ನ ಮೇಲೆ ‘1865’ ಎಂದು ಕಂಡ ಕೂಡಲೇ ಕುಣಿದಾಡಿದವರನ್ನು ನೋಡಿದ್ದೇನೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಹೆಂಚು ಸುಟ್ಟ ವರ್ಷವಲ್ಲ. ಮೇಲಾಗಿ ಹೆಂಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಾಮಾನು. ಕಬ್ಬಿಣದ ತೊಲೆಯ ಮೇಲಿನ ‘ಡಾರ್ಮನ್ ಲಾಂಗ್’ ಎಂಬ ಇಂಗ್ಲೆಂಡಿನ ಉಕ್ಕು ಕಂಪನಿಯ ಅಚ್ಚು ಇದಕ್ಕಿಂತ ನಂಬಿಕಸ್ಥ ಸಾಕ್ಷಿ, ಏಕೆಂದರೆ ತೊಲೆಯನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ. ಆದರೂ ಅದು ತೊಲೆಯ ಸಾಕ್ಷಿ, ಗೋಡೆಯದ್ದಲ್ಲ.

ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ ನೂರು ವರ್ಷ ಬೇಕು. ಅದನ್ನೇ ಎಲ್ಲದಕ್ಕೂ ಅಳತೆಗೋಲು ಮಾಡಿಕೊಂಡರೆ ಕೆಟ್ಟಿರಿ. ದೆಹಲಿಯ ಪ್ರಗತಿ ಮೈದಾನದಲ್ಲಿದ್ದ 1972ರ ಹಾಲ್ ಆಫ್ ನೇಷನ್ಸ್ ಪ್ರದರ್ಶನ ಭವನ ಉಳಿಸಿ ಎಂದು ಲೋಕವೆಲ್ಲ ಬೇಡಿಕೊಂಡಿತು. ಅರವತ್ತು ವರ್ಷ ತುಂಬದ್ದನ್ನು ಪರಿಗಣಿಸುವುದಿಲ್ಲ ಎಂದು ಅಲ್ಲಿನ ಪರಂಪರೆ ಸಮಿತಿ ಗೆರೆ ಎಳೆಯಿತು. 2017ರ ಏಪ್ರಿಲ್‌ನಲ್ಲಿ ಅದು ನೆಲಸಮವಾಯಿತು. ಹಿಂದಿನ ವರ್ಷವಷ್ಟೇ, 1950ರ ದಶಕದಲ್ಲಿ ಕಟ್ಟಲು ಶುರುಮಾಡಿದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು.

3. ಮಹತ್ವವನ್ನು ಒಂದೇ ಪ್ಯಾರಾದಲ್ಲಿ ಬರೆಯಿರಿ

ಬರೆದಾದ ಮೇಲೆ ಕಟ್ಟಡದ ಹೆಸರು ಅಳಿಸಿ, ಪಕ್ಕದ ಬೀದಿಯ ಇನ್ನೊಂದರ ಹೆಸರು ಹಾಕಿ ಓದಿ. ಆಗಲೂ ಸರಿಹೊಂದಿದರೆ ಹಾಳೆ ಹರಿದು ಮತ್ತೆ ಶುರುಮಾಡಿ. ‘ಭವ್ಯ ಕಮಾನುಗಳುಳ್ಳ, ಗತವೈಭವ ಸಾರುವ ಕಟ್ಟಡ’ ಎಂಬ ಮಾತು ಯಾವ ಕಲ್ಯಾಣಮಂಟಪಕ್ಕೂ ಒಪ್ಪುತ್ತದೆ. ‘1868ರಲ್ಲಿ ಮುಗಿದದ್ದು, ಮೈಸೂರು ಸಂಸ್ಥಾನದ ಹದಿನೆಂಟು ಇಲಾಖೆಗಳು ಇಲ್ಲಿದ್ದುದರಿಂದಲೇ ಅಠಾರ ಕಚೇರಿ ಎಂಬ ಹೆಸರು, ಈಗ ಹೈಕೋರ್ಟ್’ ಎಂಬುದು ಬೆಂಗಳೂರಿನ ಆ ಕೆಂಪು ಕಟ್ಟಡಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪದು. ಅದನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು ಎಂಬುದು ಈಗಿನವರಿಗೆ ನಂಬಲಾಗದ ಸಂಗತಿ.

ಒಂಟಿಯಾಗಿ ನೋಡಿದರೆ ಏನೂ ಅಲ್ಲದ ಮನೆ ಸಾಲಿನಲ್ಲಿ ಮಹತ್ವ ಪಡೆಯುವುದೂ ಉಂಟು. 1898ರ ಪ್ಲೇಗಿನ ನಂತರ ಬೆಳೆದ, ಗಾಳಿ ಬೆಳಕಿಗೆ ಜಾಗ ಬಿಟ್ಟ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಯ ಜೊತೆಗೆ ಅದರ ಸುತ್ತಲ ಖಾಲಿ ಜಾಗವನ್ನೂ ಹಾಳೆಯಲ್ಲಿ ಗುರುತಿಸಿ.

4. ಒಳಗೆ ಹೋಗಿ, ಮೂಲದ್ದು ಎಷ್ಟು ಉಳಿದಿದೆ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅರ್ಧ ದಿನ ಬೇಕು. ಟಾರ್ಚು, ಹಳೆಯ ಸ್ಕ್ರೂಡ್ರೈವರು, ನಕ್ಷೆಯ ಜೆರಾಕ್ಸು, ಮೂರು ಬಣ್ಣದ ಪೆನ್ಸಿಲು ಒಯ್ಯಿರಿ. ಉಳಿದಿರುವುದಕ್ಕೆ ಹಸಿರು, ಮುಚ್ಚಿಹೋಗಿರುವುದಕ್ಕೆ ನೀಲಿ, ನಿಜವಾಗಿ ಹೋಗಿಬಿಟ್ಟಿರುವುದಕ್ಕೆ ಕೆಂಪು. ನೀಲಿಯನ್ನು ಕೆಂಪೆಂದು ಬಗೆಯುವುದೇ ದೊಡ್ಡ ತಪ್ಪು. ಅಂಗಡಿಯ ಬೋರ್ಡು, ಪ್ಲೈವುಡ್ಡಿನ ಅಡ್ಡಗೋಡೆ, ತೂಗುಬಿಟ್ಟ ಸೀಲಿಂಗು, ಆರು ಪದರ ಆಯಿಲ್ ಪೇಂಟು ಎಲ್ಲ ತೆಗೆಯಬಹುದಾದ್ದು. ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚು ಬಿಡಿ, ತೇಗದ ಜಂತೆ ಹಾಗೇ ಕೂತಿರುತ್ತದೆ. ಆದರೆ ಶಟರ್ ಕೂರಿಸಲು ಕಮಾನಿನ ಪಾದ ಕಡಿದಿದ್ದರೆ ಅದು ಕೆಂಪು.

ಮುಂದೆ ಗೋಡೆ. ಗಿಲಾವು ಗೋಡೆಯ ಚರ್ಮ. ಅದು ಉದುರಿತೆಂದರೆ ಗೋಡೆ ಸತ್ತಿತೆಂದಲ್ಲ. ಗಾರೆಯನ್ನು ಮೊಳೆಯಿಂದ ಗೀರಿ. ಸುಣ್ಣ–ಸುರ್ಕಿಯದಾದರೆ (ಸುರ್ಕಿ ಎಂದರೆ ಇಟ್ಟಿಗೆ ಪುಡಿ) ನಸುಗೆಂಪು ಪುಡಿ ಬರುತ್ತದೆ, ಸಿಮೆಂಟಾದರೆ ಬೂದು ಗೆರೆ ಬಿದ್ದು ಮೊಳೆ ಜಾರುತ್ತದೆ. (ನಿಂಬೆರಸ ಹಾಕಿ ಬುರುಗು ಬಂದರೆ ಸುಣ್ಣ ಎನ್ನುವವರಿದ್ದಾರೆ. ಹಳೆ ಸಿಮೆಂಟಿನಲ್ಲೂ ಬುರುಗು ಬರುತ್ತದೆ, ನಿಂಬೆಹಣ್ಣು ದಂಡ.) ಸುಣ್ಣದ ಗೋಡೆ ತೇವ ಹೀರಿ ತಾನೇ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು ಮೇಲೇರುತ್ತದೆ, ಉಪ್ಪು ಬಿಡುತ್ತದೆ, ಇಟ್ಟಿಗೆ ಹುಡಿಯಾಗುತ್ತದೆ. ಅಂದರೆ ‘ಶಿಥಿಲ’ ಎಂದು ಬರೆಸಿಕೊಂಡ ಎಷ್ಟೋ ಗೋಡೆಗಳಿಗೆ ರೋಗ ತಂದದ್ದು ಹಿಂದಿನ ಸಲದ ದುರಸ್ತಿ. ‘ಹೆರಿಟೇಜ್ ಫಿನಿಶ್’ ಎಂದು ಡಬ್ಬಿಯ ಮೇಲೆ ಬರೆದ ಪ್ಲಾಸ್ಟಿಕ್‌ನಂಥ ಪೇಂಟು ಮಾಡುವುದೂ ಇದನ್ನೇ. ನನ್ನ ಕೇಳಿದರೆ ಸುಣ್ಣ ಬಿಟ್ಟು ಇನ್ನೇನನ್ನೂ ಬಳಿಯಬೇಡಿ.

ಬಿರುಕು ಕಂಡರೆ ಅಗಲ ಅಳೆದು ತಾರೀಖು ಬರೆಯಿರಿ. ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ ಕಾಯಿರಿ. ಗಾಜು ಒಡೆದರೆ ಕಟ್ಟಡ ಇನ್ನೂ ಅಲುಗುತ್ತಿದೆ. ಒಡೆಯದಿದ್ದರೆ ಅದು ಎಂದೋ ಬಿದ್ದ ಬಿರುಕು ಇರಬಹುದು. ಒಂದೇ ದಿನದ ಭೇಟಿಯಲ್ಲಿ ಬಿರುಕಿನ ಬಗ್ಗೆ ಖಚಿತವಾಗಿ ಮಾತಾಡುವ ಎಂಜಿನಿಯರ್‌ಗೆ ಕಾಫಿ ಕೊಟ್ಟು ಕಳಿಸಿ. ಕಾಂಕ್ರೀಟ್ ಪರೀಕ್ಷಿಸುವ ರಿಬೌಂಡ್ ಹ್ಯಾಮರನ್ನು ಸುಣ್ಣದ ಗೋಡೆಗೆ ಬಡಿದು ‘ಬಲವಿಲ್ಲ’ ಎಂದು ವರದಿ ಕೊಟ್ಟವರೂ ಇದ್ದಾರೆ. ಆ ಉಪಕರಣದ ಲೆಕ್ಕವೇ ಕಾಂಕ್ರೀಟಿಗೆ ಮಾಡಿದ್ದು.

ಇನ್ನು ಸೂರು. ನಮ್ಮ ಕಡೆ ಬಹುಪಾಲು ಮದ್ರಾಸ್ ತಾರಸಿ: ಸಾಲು ಜಂತೆ, ಅದರ ಮೇಲೆ ಅಂಚು ಊರಿ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಇಟ್ಟಿಗೆ ಜಲ್ಲಿ–ಸುಣ್ಣದ ಗಚ್ಚು. ಜಂತೆಯ ನಡುಭಾಗ ನೋಡಿ ಮೋಸ ಹೋಗಬೇಡಿ. ಅದು ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಏಣಿ ಹಾಕಿ ಅಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚಿ. ಬೆಣ್ಣೆಯಂತೆ ಇಳಿದರೆ ಆ ಜಂತೆ ಹೋಯಿತು. ಆ ಜಂತೆ ಮಾತ್ರ! ಇಪ್ಪತ್ತರಲ್ಲಿ ಮೂರು ಕೊಳೆತರೆ ಮೂರನ್ನು ಬದಲಿಸುತ್ತಾರೆ, ಸೂರು ಕೆಡವುವುದಿಲ್ಲ. ಆಮೇಲೆ ತಾರಸಿ ಹತ್ತಿ. ಮಳೆನೀರಿನ ದೋಣಿಯಲ್ಲಿ ಕಸ ಕಟ್ಟಿಕೊಂಡಿದೆಯೇ, ಕೈಪಿಡಿ ಗೋಡೆಯಲ್ಲಿ ಅರಳಿ ಸಸಿ ಬೇರು ಬಿಟ್ಟಿದೆಯೇ, ಸೋರಿದಾಗಲೆಲ್ಲ ಒಂದೊಂದು ಪದರ ಕಾಂಕ್ರೀಟು ಸುರಿದು ಭಾರ ಹೆಚ್ಚಿಸಿದ್ದಾರೆಯೇ, ನೀರಿನ ಟ್ಯಾಂಕು ಎಲ್ಲಿ ಕೂತಿದೆ, ನೋಡಿ. ಸೂರು ಕುಸಿಯಲು ಎಷ್ಟೋ ಕಡೆ ಇವೇ ಕಾರಣ, ಕಟ್ಟಿದವರ ತಪ್ಪಲ್ಲ.

ಹಸಿರು, ನೀಲಿ ಸೇರಿ ಅರ್ಧಕ್ಕಿಂತ ಹೆಚ್ಚಿದ್ದರೆ ನಾನು ಪಾರಂಪರಿಕ ಪಟ್ಟಿಗೆ ಸೇರಿಸಿ ಎನ್ನುತ್ತೇನೆ. ಇದು ಕಾನೂನಲ್ಲ, ನನ್ನ ಲೆಕ್ಕ. ಮುಂಭಾಗ ಮಾತ್ರ ಹಸಿರು, ಹಿಂದೆಲ್ಲ ಕೆಂಪಾದರೆ ಮುಂಭಾಗಕ್ಕಷ್ಟೇ ಕೇಳಿ. ಇಲ್ಲದ್ದನ್ನು ಇದೆಯೆಂದು ಬರೆದರೆ ಮುಂದಿನ ಸಲ ನಿಮ್ಮ ನಿಜವನ್ನೂ ನಂಬುವುದಿಲ್ಲ.

5. ಮಾಲೀಕರು, ಬಾಡಿಗೆದಾರರು, ಎದುರಿನ ಹೂವಿನವರು: ಎಲ್ಲರ ಜೊತೆ ಮಾತಾಡಿ

ಮೊದಲು ಮಾಲೀಕರು. ಅವರಿಗೆ ಪತ್ರಿಕೆಯಿಂದ ಸುದ್ದಿ ತಿಳಿದರೆ ಭಾನುವಾರ ರಾತ್ರಿ ಜೆಸಿಬಿ ಬರುತ್ತದೆ.

6. ದರ್ಜೆ ಸೂಚಿಸಿ, ಸರಿಯಾದ ಬಾಗಿಲು ತಟ್ಟಿ

‘ಉಳಿಸಿ’ ಎಂದಷ್ಟೇ ಕೇಳಬೇಡಿ. ಉದಾಹರಣೆಗೆ, ಮುಂಬೈಯ ಪಾರಂಪರಿಕ ಕಟ್ಟಡಗಳ ನಿಯಮಗಳಲ್ಲಿ ಮೂರು ದರ್ಜೆಗಳಿವೆ. ಮೊದಲ ದರ್ಜೆಯದನ್ನು ಮುಟ್ಟುವುದೇ ಕಷ್ಟ, ಮೂರನೆಯದರಲ್ಲಿ ಬದಲಾವಣೆಗೆ ಸಾಕಷ್ಟು ಅವಕಾಶವಿದೆ. ಸಾಮಾನ್ಯ ಮನೆಗೆ ಮೊದಲ ದರ್ಜೆ ಕೇಳಿದರೆ ಕಡತ ಅಲ್ಲೇ ಸಾಯುತ್ತದೆ.

ಪರಂಪರೆ ಉಳಿಸಲು ದುಡಿಯುವ ಸರ್ಕಾರೇತರ ಸಂಸ್ಥೆ ಇಂಟ್ಯಾಕ್‌ನ ಪಟ್ಟಿಯಲ್ಲಿ ಹೆಸರಿದೆ ಎಂದು ನಿಶ್ಚಿಂತರಾಗಬೇಡಿ. ಆ ಪಟ್ಟಿಗೆ ಗೌರವವಿದೆ, ಕಾನೂನಿನ ಬಲವಿಲ್ಲ. ಸ್ಮಾರಕವೆಂದು ರಕ್ಷಣೆ ಬೇಕಾದರೆ ರಾಜ್ಯದ 1961ರ ಸ್ಮಾರಕ ಕಾಯ್ದೆಯಡಿ ಪುರಾತತ್ವ ಇಲಾಖೆಗೆ ಬರೆಯಬೇಕು, ಅದರ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ಬಳಕೆಯಲ್ಲಿರುವ ಪಾರಂಪರಿಕ ಕಟ್ಟಡವಾದರೆ ನಗರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರಕ್ಕೆ. ಎರಡೂ ಹಾಳೆ, ಬಣ್ಣದ ನಕ್ಷೆ, ತಾರೀಖು ಸಹಿತ ಬಿರುಕಿನ ಫೋಟೊ ಲಗತ್ತಿಸಿ. ಪೆನ್‌ಡ್ರೈವ್ ಕೊಟ್ಟು ಬರಬೇಡಿ, ಅದು ಯಾರದೋ ಡ್ರಾಯರ್ ಸೇರುತ್ತದೆ. ಕಾಗದದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಬಿದ್ದ ಮೇಲಷ್ಟೇ ಕೌಂಟರ್ ಬಿಟ್ಟು ಕದಲಿ.