ಬಚ್ಚಲಿನ ಹೊರಗೆ ಹಂಡೆಯೊಲೆ ಕಟ್ಟುವ ಕ್ರಮ

ಕಾಸರಗೋಡಿನ ಜಡಿಮಳೆಯನ್ನು ಗಮನದಲ್ಲಿಟ್ಟು, ಸ್ನಾನದ ನೀರು ಕಾಯಿಸುವ ಹಂಡೆಯೊಲೆಯನ್ನು ಬಚ್ಚಲುಮನೆಯ ಹೊರಗೋಡೆಗೆ ತಾಗಿದಂತೆ, ಮಾಡಿನ (ಸೂರಿನ) ಕೆಳಗೆ, ನೆಲದಿಂದ ಎತ್ತರಿಸಿ ಕಟ್ಟಬೇಕು. ಒಲೆಯ ಹೊರಗೋಡೆಗೆ ಕೆಂಪುಕಲ್ಲು ಸಾಕು. ಬೆಂಕಿ ತಾಗುವ ಒಳಭಾಗದಲ್ಲಿ ಸಿಮೆಂಟು ಬಿರುಕು ಬಿಡುವುದರಿಂದ, ಅಲ್ಲಿ ಸುಟ್ಟ ಇಟ್ಟಿಗೆಯನ್ನು ಜೇಡಿಮಣ್ಣಿನಲ್ಲಿ ಕೂರಿಸುವುದೇ ಸರಿ. ತಾಮ್ರದ ಹಂಡೆಗೂ ಗೋಡೆಗೂ ನಡುವೆ ಸುತ್ತಲೂ ಸುಮಾರು 2 ಅಂಗುಲ ಜಾಗ ಬಿಟ್ಟು, ಒಲೆಯ ಬಾಯಿಗೆ ಎದುರಾಗಿ ಮೇಲ್ಭಾಗದಲ್ಲಿ ಹೊಗೆಕೊಳವೆಯನ್ನು ಇಟ್ಟರೆ, ಜ್ವಾಲೆಯು ಹಂಡೆಯನ್ನು ಸುತ್ತಿಕೊಂಡು ಹೋಗಿ ಸೌದೆ ಉಳಿಯುತ್ತದೆ. ಹಂಡೆಯಿಂದ ಬಚ್ಚಲಿಗೆ ಹೋಗುವ ಕೊಳವೆ ಲೋಹದ್ದೇ ಆಗಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಉಗಿಯ ದಾರಿ: ಹಂಡೆಯ ಬಾಯನ್ನು ಎಂದಿಗೂ ಬಿಗಿಯಾಗಿ ಮುಚ್ಚಬಾರದು, ನೀರು ತುಂಬದೆ ಬೆಂಕಿ ಹಾಕಲೂಬಾರದು. ಉರುವಲಿಗೆ ತೋಟದ ಒಣ ಮಡಲು (ತೆಂಗಿನ ಗರಿ), ಗೆರಟೆ (ತೆಂಗಿನ ಚಿಪ್ಪು), ಅಡಿಕೆ ಸಿಪ್ಪೆ ಧಾರಾಳವಾಯಿತು. ಒದ್ದೆ ಸೌದೆ ಉರಿಸಿದರೆ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ.