‘ವಾತಾಶಿ ವಾ’ ಎಂದರೆ ‘ಐ ಆ್ಯಮ್’ ಅಲ್ಲ: ಜಪಾನಿನ ಮಕ್ಕಳಿಗೆ ಆನ್‌ಲೈನ್ ಇಂಗ್ಲಿಷ್ ವ್ಯಾಕರಣ

ಜಪಾನಿನ ಮಿಡಲ್ ಸ್ಕೂಲ್ ಮಕ್ಕಳಿಗೆ, ಅಂದರೆ 12ರಿಂದ 15 ವರ್ಷದವರಿಗೆ, ಇಂಗ್ಲಿಷ್ ವ್ಯಾಕರಣದ ಆನ್‌ಲೈನ್ ಕೋರ್ಸ್ ಕಟ್ಟುವ ಕೆಲಸವನ್ನು ನಾನು ಅವರ ತಪ್ಪುಗಳ ಪಟ್ಟಿಯಿಂದಲೇ ಶುರು ಮಾಡಿದೆ. ಪಟ್ಟಿಯ ಮೊದಲ ಸಾಲು ‘ಐ ಆ್ಯಮ್ ಪ್ಲೇ ಟೆನಿಸ್’. ಇದು ಗಮನವಿಲ್ಲದೆ ಆಗುವ ತಪ್ಪಲ್ಲ. ‘ವಾತಾಶಿ ವಾ’ ಎಂದರೆ ‘ಐ ಆ್ಯಮ್’ ಎಂದು ಮಗು ಗಂಟು ಹಾಕಿಕೊಂಡಿರುತ್ತದೆ. ‘ವಾತಾಶಿ’ ಎಂದರೆ ನಾನು, ಆದರೆ ‘ವಾ’ ಕ್ರಿಯಾಪದವೇ ಅಲ್ಲ. ಮಾತು ಯಾರ ಬಗ್ಗೆ, ಯಾವುದರ ಬಗ್ಗೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಹೋಟೆಲಿನಲ್ಲಿ ಒಬ್ಬ ‘ಬೊಕು ವಾ ಉನಾಗಿ ದಾ’ (ಪದಶಃ ‘ನಾನು ಹಾವುಮೀನು’) ಎಂದರೆ ಅವನೇ ಹಾವುಮೀನು ಅಂತಲ್ಲ. ನಾವು ‘ನಂದು ಮಸಾಲೆ ದೋಸೆ’ ಅಂದಂತೆ.

ಹಾಗಾಗಿ ಮೊದಲ ನಾಲ್ಕು ಪಾಠ ಇದೊಂದಕ್ಕೇ ಮೀಸಲು. ‘ವಾತಾಶಿ ವಾ ಗಾಕುಸೇಯಿ ದೆಸು’ (ನಾನು ವಿದ್ಯಾರ್ಥಿ), ‘ವಾತಾಶಿ ವಾ ತೆನಿಸು ಓ ಶಿಮಾಸು’ (ನಾನು ಟೆನಿಸ್ ಆಡುತ್ತೇನೆ), ಇವೆರಡನ್ನೂ ಒಂದರ ಕೆಳಗೊಂದು ಇಡುತ್ತೇನೆ. ತಲೆ ಒಂದೇ, ಬಾಲ ಬೇರೆ. ಜಪಾನಿ ಭಾಷೆಯಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುವುದರಿಂದ, ‘ಬಾಲ ನೋಡು’ ಎಂಬುದೇ ಮೊದಲ ಸೂಚನೆ. ಅಭ್ಯಾಸದ ಪ್ರತಿ ಪ್ರಶ್ನೆಗೂ ಮೂರು ಪರದೆ. ಮೊದಲನೆಯದರಲ್ಲಿ ಜಪಾನಿ ವಾಕ್ಯದ ಬಾಲವನ್ನು ಒತ್ತಬೇಕು. ಎರಡನೆಯದರಲ್ಲಿ ‘ಇದು ಯಾರ ಬಗ್ಗೆ ಮಾತು’ ಎಂದು ಆರಿಸಬೇಕು, ಏಕೆಂದರೆ ಜಪಾನಿಯಲ್ಲಿ ಕರ್ತೃವನ್ನು ಬಿಟ್ಟೇ ಮಾತಾಡುವುದು ಹೆಚ್ಚು. ಮೂರನೆಯದರಲ್ಲಿ ಮಾತ್ರ ಇಂಗ್ಲಿಷ್ ಪದಗಳು. ‘ಆ್ಯಮ್, ಈಸ್, ಆರ್’ಗಳನ್ನು ಸಮ ಚಿಹ್ನೆಯಾಗಿ ತೋರಿಸುತ್ತೇನೆ: ನಾನು = ವಿದ್ಯಾರ್ಥಿ ಸರಿ, ನಾನು = ಟೆನಿಸ್ ಸರಿಯಲ್ಲ. ಇಲ್ಲೊಂದು ತೊಡಕಿದೆ. ಜಪಾನಿಯಲ್ಲಿ ‘ಇಸೊಗಾಶೀ’ (ಬಿಝಿ) ತರಹದ ಗುಣವಾಚಕ ತಾನೇ ವಾಕ್ಯವನ್ನು ಮುಗಿಸಬಲ್ಲದು, ಆದ್ದರಿಂದ ‘ಹಿ ಬಿಝಿ’ ಎಂಬ ಉತ್ತರ ಬರುತ್ತದೆ. ಅದಕ್ಕೆ ನಾಲ್ಕನೇ ಪಾಠವನ್ನೇ ಪೂರ್ತಿ ಮೀಸಲಿಡಬೇಕು.

ಪಾರಿಭಾಷಿಕ ಪದಗಳನ್ನು ಹೊಸದಾಗಿ ಹುಟ್ಟಿಸಬಾರದು. ಅಲ್ಲಿನ ಶಾಲೆಯಲ್ಲಿ ‘ಬೀ ದೋಶಿ’ (ಆ್ಯಮ್, ಈಸ್, ಆರ್‌ಗಳು), ‘ಇಪ್ಪಾನ್ ದೋಶಿ’ (ಉಳಿದ ಸಾಮಾನ್ಯ ಕ್ರಿಯಾಪದಗಳು) ಎಂದೇ ಕಲಿಸುತ್ತಾರೆ. ಪರದೆಯ ಮೇಲೂ ಅದೇ ಇರಲಿ. ವಿವರಣೆ ಜಪಾನಿಯಲ್ಲಿ, ಮೊದಲ ವರ್ಷದವರಿಗಾದರೆ ಕಾಂಜಿಯ (ಚೀನೀ ಮೂಲದ ಲಿಪಿಚಿಹ್ನೆಗಳ) ಮೇಲೆ ಫುರಿಗಾನಾ, ಅಂದರೆ ಉಚ್ಚಾರ ತೋರಿಸುವ ಪುಟ್ಟ ಅಕ್ಷರಗಳ ಸಹಿತ.

‘ಸಾನ್‌ತಾನ್‌ಗೆನ್ ನೋ ಎಸ್’, ಅಂದರೆ ‘ಹಿ ಪ್ಲೇಸ್’ನ ಕೊನೆಯ ‘ಸ್’, ಏಕೆ ಇಷ್ಟು ಕಾಡುತ್ತದೆಂದು ಕನ್ನಡಿಗರಿಗೆ ಸುಲಭವಾಗಿ ಹೊಳೆಯುವುದಿಲ್ಲ. ನಮಗೆ ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ ಎಂದು ಕ್ರಿಯಾಪದ ಬದಲಾಗುವುದು ಸಹಜ. ಜಪಾನಿಯಲ್ಲಿ ನಾನು, ನೀನು, ಅವನು, ಅವರು, ಎಲ್ಲರಿಗೂ ‘ಇಕು’ (ಹೋಗು) ಒಂದೇ. ಕ್ರಿಯಾಪದಕ್ಕೂ ಕರ್ತೃವಿಗೂ ಸಂಬಂಧವಿದೆ ಎಂಬ ಕಲ್ಪನೆಯೇ ಮಗುವಿಗೆ ಹೊಸದು. ಒಂದು ಘಟಕದಲ್ಲಿ ಕಲಿಸಿ ಮುಗಿಸಿದರೆ ಎರಡು ವಾರದಲ್ಲಿ ಮಾಯವಾಗುತ್ತದೆ. ಅದಕ್ಕೇ ವರ್ಷಪೂರ್ತಿ ಹತ್ತು ಪ್ರಶ್ನೆಯ ಪ್ರತಿ ಕ್ವಿಜ್‌ನಲ್ಲಿ ಎರಡನ್ನು ಇದಕ್ಕೇ ಇಡುತ್ತೇನೆ. ಅವುಗಳ ಕರ್ತೃ ‘ಹಿ’, ‘ಶಿ’ ಆಗಿರಕೂಡದು; ‘ಮೈ ಸಿಸ್ಟರ್’, ‘ಕೆನ್ ಆ್ಯಂಡ್ ಐ’ ತರಹದ್ದಿರಬೇಕು.

ಜಪಾನಿ ಕ್ರಿಯಾಪದದ ‘ತೆ ಇರು’ ರೂಪ ಇನ್ನೊಂದು ಬಲೆ. ಈ ‘ಇರು’ವಿಗೂ ನಮ್ಮ ‘ಇರು’ವಿಗೂ ಅರ್ಥ ಹೊಂದಿಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ, ಅದು ಆಕಸ್ಮಿಕವೇ ಆದರೂ. ನಡೆಯುತ್ತಿರುವ ಕೆಲಸಕ್ಕೂ ಮುಗಿದು ಉಳಿದ ಸ್ಥಿತಿಗೂ ಅಲ್ಲಿ ಒಂದೇ ರೂಪ. ‘ಕೆಕ್ಕೊನ್ ಶಿತೆ ಇರು’ ಎಂದರೆ ಮದುವೆಯಾಗಿದೆ. ಮಗು ಬರೆಯುವುದು ‘ಶಿ ಈಸ್ ಮ್ಯಾರಿಯಿಂಗ್’. ಮೊದಲು ಚಿತ್ರ ತೋರಿಸಿ ‘ಈಗ ನಡೀತಿದೆಯಾ, ಆಗಿಹೋಗಿದೆಯಾ’ ಎಂದು ಕೇಳಿ, ಆಮೇಲೆ ಇಂಗ್ಲಿಷ್ ರೂಪಕ್ಕೆ ಹೋಗಬೇಕು.

ಮೂರನೇ ವರ್ಷದ ಹೊರೆ ಹೆಚ್ಚು. 2021ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ‘ಹ್ಯಾವ್ ಬೀನ್ ಪ್ಲೇಯಿಂಗ್’ ರೂಪ ಮತ್ತು ‘ಇಫ್ ಐ ವರ್’ ತರಹದ ವಾಕ್ಯಗಳು ಹೈಸ್ಕೂಲಿನಿಂದ ಮಿಡಲ್ ಸ್ಕೂಲಿಗೆ ಇಳಿದವು. ಹಳೆಯ ಟಿಪ್ಪಣಿ ಇಟ್ಟುಕೊಂಡು ಕೋರ್ಸ್ ಮಾಡಿದರೆ ಇವು ಬಿಟ್ಟೇ ಹೋಗುತ್ತವೆ. ‘ನಾನು ನಿನ್ನೆ ಓದಿದ ಪುಸ್ತಕ’ದಂಥ ರಚನೆಗೆ, ಜಪಾನಿಯಲ್ಲೂ ಪುಸ್ತಕ ಕೊನೆಗೇ ಬರುವುದರಿಂದ, ‘ನಾನು ನಿನ್ನೆ ಓದಿದ’ ಎಂಬ ಭಾಗವನ್ನು ಒಂದೇ ಪೆಟ್ಟಿಗೆ ಮಾಡಿ ಪುಸ್ತಕದ ಎಡದಿಂದ ಬಲಕ್ಕೆ ಜಾರಿಸಿ ತೋರಿಸುತ್ತೇನೆ. ‘ವಿಚ್’, ‘ದ್ಯಾಟ್’ ಅದಾದ ಮೇಲೆ.

ಇನ್ನು ಉತ್ತರ ಟೈಪ್ ಮಾಡಿಸುವ ವಿಷಯ. ಸರಿಯಾದ ಉತ್ತರವನ್ನೇ ತಪ್ಪೆಂದು ತೋರಿಸಿದರೆ ಮಗು ಕೋರ್ಸ್ ಬಿಡುತ್ತದೆ. ಜಪಾನಿ ಕೀಬೋರ್ಡ್ ಸ್ಥಿತಿಯಲ್ಲೇ ಟೈಪ್ ಮಾಡಿದಾಗ ಅಗಲ ಅಕ್ಷರ, ಅಗಲ ಖಾಲಿ ಜಾಗ ಬರುತ್ತವೆ. ಕಣ್ಣಿಗೆ ಹೆಚ್ಚೂಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ. ಹೋಲಿಸುವ ಮೊದಲು ಯೂನಿಕೋಡಿನ ಎನ್‌ಎಫ್‌ಕೆಸಿ ಪರಿವರ್ತನೆ (ಅಗಲ ಅಕ್ಷರಗಳನ್ನು ಮಾಮೂಲಿ ರೂಪಕ್ಕೆ ತರುವ ವಿಧಾನ) ಮಾಡಿದರೆ ಇವೆರಡೂ ಸರಿಹೋಗುತ್ತವೆ. ಆದರೆ ‘ಡೋಂಟ್’ನ ಬಾಗಿದ ಅಪಾಸ್ಟ್ರಫಿಯನ್ನೂ ಜಪಾನಿ ವಾಕ್ಯದ ಕೊನೆಯ ಪುಟ್ಟ ಸೊನ್ನೆಯಂಥ ಪೂರ್ಣವಿರಾಮವನ್ನೂ ಅದು ಮುಟ್ಟುವುದಿಲ್ಲ, ಅವಕ್ಕೆ ಬೇರೆ ಎರಡು ಸಾಲು ಕೋಡ್ ಬೇಕು. ಆಟೋಕರೆಕ್ಟ್ ಆಫ್ ಮಾಡದಿದ್ದರೆ ಫೋನೇ ಕಾಗುಣಿತ ತಿದ್ದಿಬಿಡುತ್ತದೆ.

ಪದ ಜೋಡಿಸುವ ಪ್ರಶ್ನೆಗಳಲ್ಲಿ ಎಲ್ಲ ಪದಗಳೂ ಸಣ್ಣ ಅಕ್ಷರದಲ್ಲಿರಲಿ, ದೊಡ್ಡಕ್ಷರ ಕಂಡರೆ ಮೊದಲ ಪದ ಯಾವುದೆಂದು ಗೊತ್ತಾಗುತ್ತದೆ. ಬೇಡದ ಒಂದು ಪದವನ್ನೂ ಸೇರಿಸಿ. ಎಳೆದು ಬಿಡುವುದಕ್ಕಿಂತ ಒತ್ತಿದರೆ ಕೂರುವ ಹಾಗಿದ್ದರೆ ಪುಟ್ಟ ಪರದೆಯಲ್ಲಿ ಕೈ ತಪ್ಪುವುದಿಲ್ಲ. ಸರಿ ಉತ್ತರಕ್ಕೆ ಕೆಂಪು ವೃತ್ತ ಹಾಕಿ, ನಮ್ಮ ರೈಟ್ ಮಾರ್ಕ್ ಬೇಡ. ಅಲ್ಲಿ ಮೇಷ್ಟರು ಸರಿಯಾದದ್ದಕ್ಕೆ ವೃತ್ತ ಹಾಕುತ್ತಾರೆ, ರೈಟ್ ಮಾರ್ಕನ್ನು ಎಷ್ಟೋ ಸಲ ತಪ್ಪಿಗೇ ಹಾಕುತ್ತಾರೆ. ಅರ್ಧ ಸರಿಯಿದ್ದರೆ ತ್ರಿಕೋನ.

ಒಂದು ಪಾಠಕ್ಕೆ 5 ನಿಮಿಷದ ವಿಡಿಯೊ, 10 ನಿಮಿಷದ ಅಭ್ಯಾಸ. ಮಕ್ಕಳು ಶಾಲೆ ಮುಗಿದ ಮೇಲೆ ಆಟ, ಹವ್ಯಾಸಗಳ ಕ್ಲಬ್ಬಿಗೆ ಹೋಗಿ ಸುಸ್ತಾಗಿ ಬಂದಿರುತ್ತಾರೆ. ವರ್ಷ ಏಪ್ರಿಲ್‌ಗೆ ಶುರು. ಶಾಲೆಯ ಪರೀಕ್ಷೆಯ ಹಿಂದಿನ ವಾರ ಹೊಸ ಪಾಠ ಕೊಡುವುದಿಲ್ಲ. ಮರುಅಭ್ಯಾಸ ಒಂದು, ಮೂರು, ಏಳು, ಇಪ್ಪತ್ತೊಂದನೇ ದಿನಗಳಲ್ಲಿ.

ಬಂದ ತಪ್ಪು ಉತ್ತರಗಳನ್ನೆಲ್ಲ ವಾರಕ್ಕೊಮ್ಮೆ ಓದಿ, ಒಂದೇ ತಪ್ಪು ಮೂರು ಮಕ್ಕಳಿಂದ ಬಂದಿದ್ದರೆ ಅದಕ್ಕೆಂದೇ ಒಂದು ಸೂಚನೆ ಬರೆಯುತ್ತೇನೆ. ‘ಆಲ್ಮೋಸ್ಟ್ ಸ್ಟೂಡೆಂಟ್ಸ್’ ಎಂದು ಬರೆದವರ ಪರದೆಯಲ್ಲಿ ಈಗ ಬರುವುದು ಇಷ್ಟು: ‘ನೀನು ಹೇಳಹೊರಟದ್ದು “ಹೊತೊಂದೊ ನೋ ಸೇಯಿತೊ” (ಬಹುತೇಕ ವಿದ್ಯಾರ್ಥಿಗಳು), ಅಲ್ಲವೇ? ಅದಕ್ಕೆ “ಮೋಸ್ಟ್” ಹಾಕಿ ನೋಡು.’