ಮಕ್ಕಳ ಕಬಡ್ಡಿ ಪಂದ್ಯಾವಳಿಗೆ ಪತ್ರಿಕಾ ಪ್ರಕಟಣೆ ಬರೆಯುವುದು ಹೇಗೆ?

ಒಂದೇ ಪುಟ, ಸುಮಾರು 150 ಪದ ಸಾಕು. ದಿನಾಂಕ, ವಾರ, ಸಮಯ, ಮೈದಾನ, ವಯೋಮಿತಿ ಮೊದಲ ವಾಕ್ಯದಲ್ಲೇ ಬರಲಿ. ಬರೀ ‘ಜಯನಗರದ ಮೈದಾನ’ ಎನ್ನಬೇಡಿ. ಬ್ಲಾಕ್, ಅಡ್ಡರಸ್ತೆ, ಹತ್ತಿರದ ಮೆಟ್ರೊ ನಿಲ್ದಾಣ ಬರೆಯಿರಿ. ಅತಿಥಿಗಳ ಪಟ್ಟಿ ಕೊನೆಗಿರಲಿ, ಜಾಗ ಸಾಲದಿದ್ದರೆ ಸುದ್ದಿಮನೆಯವರು ಕತ್ತರಿಸುವುದು ಕೆಳಗಿನಿಂದ.

ಎಷ್ಟೋ ಪ್ರಕಟಣೆಗಳು ಕೆಡುವುದು ಫಾಂಟಿನಲ್ಲಿ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಇಮೇಲ್‌ಗೆ ಅಂಟಿಸಿದರೆ ಕನ್ನಡ ಹೋಗಿ ಚಿತ್ರವಿಚಿತ್ರ ಚಿಹ್ನೆಗಳು ಕಾಣುತ್ತವೆ. ಎಲ್ಲ ಕಂಪ್ಯೂಟರ್, ಫೋನ್‌ಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿ ಇಮೇಲ್‌ನಲ್ಲೇ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತದೆ.

ನೋಂದಣಿಯ ಸುದ್ದಿ 10 ದಿನ ಮೊದಲೇ ಹೋಗಲಿ. ಫಲಿತಾಂಶವನ್ನು ಅದೇ ಸಂಜೆ ಕಳಿಸಿ, ಮರುದಿನಕ್ಕೆ ಅದು ಹಳಸಲು. ಗೆದ್ದ ಮಕ್ಕಳ ಹೆಸರುಗಳನ್ನು ತರಬೇತುದಾರರಿಂದ ಒಮ್ಮೆ ಓದಿಸಿ. ಪತ್ರಿಕೆಯಲ್ಲಿ ತನ್ನ ಹೆಸರು ತಪ್ಪಾಗಿ ಬಂದರೆ ಮಗು ತುಂಬ ನೊಂದುಕೊಳ್ಳುತ್ತದೆ.